ಇವತ್ತು ಚಾವಣಿ ತಟ್ಟಬೇಡಿ

ಕೆಳಮನೆ ಅಕ್ಕನಿಗೆ,

ಇದನ್ನು ಬರೆಯುವಾಗಲೂ ನನ್ನ ಗಿಟಾರ್ ನಿಮಗೆ ಕೇಳಿಸುತ್ತಿರುತ್ತದೆ. ನುಡಿಸುತ್ತಿರುವುದು ನಾನಲ್ಲ, ಲೂಪರ್ ಪೆಡಲ್. ಒಂದು ತುಣುಕು ನುಡಿಸಿ ಕಾಲಿನಿಂದ ಒತ್ತಿದರೆ ಆ ಪುಟ್ಟ ಡಬ್ಬಿ ಅದನ್ನೇ ಮತ್ತೆ ಮತ್ತೆ ನುಡಿಸುತ್ತದೆ. ಗಿಟಾರ್ ಕೇಳಿಸುವಷ್ಟು ಹೊತ್ತು ಇವರು ಹೊರಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ. ನಿಂತಿತೋ, ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

ಮಣಿಕಟ್ಟು ಇನ್ನೂ ಊದಿಕೊಂಡಿದೆ, ಹಾಗಾಗಿ ನಡುವೆ ಒಂದು ಸ್ವರ ತಪ್ಪಿದೆ. ಮತ್ತೆ ನುಡಿಸಲು ಧೈರ್ಯ ಸಾಲಲಿಲ್ಲ. ಇವರಿಗೆ ಅದು ತಿಳಿಯುವುದಿಲ್ಲ. ಒಂದು ದಿನವೂ ಕಿವಿಗೊಟ್ಟು ಕೇಳಿದವರಲ್ಲ. ನನಗೆ ಭಯವಿರುವುದು ನಿಮ್ಮ ಕಿವಿಯದ್ದೇ. ನಾನು ತಪ್ಪಿದಾಗಲೆಲ್ಲ ಪೊರಕೆ ಹಿಡಿಯಿಂದ ಚಾವಣಿ ತಟ್ಟಿ, "ಮತ್ತೆ ಎಡವಿದೆಯಲ್ಲೇ ಹುಡುಗಿ" ಅಂತ ಕೂಗುತ್ತೀರಿ. ನಾನು ನಿಲ್ಲಿಸಿ, ನಕ್ಕು, ಏನಾದರೂ ಉತ್ತರ ಕೊಡುತ್ತೇನೆ. ಇವತ್ತು ಉತ್ತರ ಬರುವುದಿಲ್ಲ. ಅದು ಇವರಿಗೂ ಗೊತ್ತಾಗಿಬಿಡುತ್ತದೆ. ದಯವಿಟ್ಟು ತಟ್ಟಬೇಡಿ.

ಹಿಂದಿನ ಮೆಟ್ಟಿಲಿಳಿದು, ಈ ಚೀಟಿಯನ್ನು ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ಓದಿ ಹರಿದುಬಿಡಿ. ಚಪ್ಪಲಿ ಕೈಯಲ್ಲೇ ಇದೆ.

ಆ ತಪ್ಪು ಸ್ವರ ಕೇಳಿಸಿದಾಗಲೆಲ್ಲ, ಹುಡುಗಿ ಇನ್ನಷ್ಟು ದೂರ ಹೋದಳು ಎಂದುಕೊಳ್ಳಿ.

ನಿಮ್ಮ ಮೇಲ್ಮನೆಯವಳು