ಯಾರೂ ಸಾಯದ ಧಾರಾವಾಹಿ

ತಮ್ಮಾ,

ಅಮ್ಮನಿಗೆ ನೋಡೋಕೆ ಹಗುರವಾದದ್ದು ಏನಾದರೂ ಹೇಳೋ ಅಂದರೆ ನೀನು ಕಳಿಸಿದ್ದೇನು? ಮೊದಲನೇ ಧಾರಾವಾಹಿಯಲ್ಲಿ ಹಾಡು ಮುಗಿಯುವಷ್ಟರಲ್ಲಿ ಗಂಡ ಸತ್ತ. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ನಿನಗೆ ತಲೆ ನೆಟ್ಟಗಿದೆಯಾ? ನಾನು ಬೈದಿದ್ದಕ್ಕೆ ಮಾತಾಡುವ ಮೊಲದ ಕಾರ್ಟೂನ್ ಕಳಿಸಿದೆ. "ನನಗೆ ಅರವತ್ತು ಕಣೇ, ಆರಲ್ಲ" ಅಂತ ಅಮ್ಮ ರಿಮೋಟನ್ನು ನನ್ನ ಮಡಿಲಿಗೆ ಎಸೆದಳು.

ಈಗ ಏನು ಹಾಕಿದರೂ "ಕೊನೆಗೆ ಎಲ್ಲರೂ ಚೆನ್ನಾಗಿರ್ತಾರೆ ತಾನೇ?" ಅಂತ ಕೇಳ್ತಾಳೆ. ನನಗೇನು ಗೊತ್ತು! ಗೊತ್ತಿಲ್ಲ ಅಂದರೆ ಟಿವಿ ಆಫ್ ಮಾಡಿ ಗೋಡೆ ಕಡೆ ತಿರುಗಿ ಮಲಗ್ತಾಳೆ. ಮುಂಚೆ ಅಪ್ಪ ಮಧ್ಯಾಹ್ನವೇ ಕ್ಷೌರದಂಗಡಿಯ ಟಿವಿಯಲ್ಲಿ ನೋಡಿಕೊಂಡು ಬಂದು, ಅಮ್ಮ ರಾತ್ರಿ ಮರುಪ್ರಸಾರಕ್ಕೆ ಕೂತಾಗ ಕೊನೆಗೆ ಏನಾಗುತ್ತೆ ಅಂತ ಹೇಳಿಬಿಡ್ತಿದ್ದರು. ಅಮ್ಮ ಅವರ ಮೇಲೆ ಹರಿಹಾಯ್ತಿದ್ದಳು. ಜಗಳ ಅಂದುಕೊಂಡು ನಾವಿಬ್ಬರೂ ಕಿವಿ ಮುಚ್ಚಿಕೊಳ್ತಿದ್ದೆವು.

ಇನ್ನು ಮೇಲೆ ಬರೀ ಹೆಸರು ಕಳಿಸಬೇಡ. ದೊಡ್ಡವರು ನಗುವಂಥದ್ದೊಂದನ್ನು ಹುಡುಕಿ, ನೀನೇ ಕೊನೆತನಕ ನೋಡು. ಆಮೇಲೆ ಅಮ್ಮನಿಗೆ ಫೋನ್ ಮಾಡಿ ಕಥೆಯೆಲ್ಲ ಒದರಿಬಿಡು. "ಬಾಯಿ ಮುಚ್ಚೋ, ನಾನೇ ನೋಡ್ತೀನಿ" ಅಂತ ಅವಳು ಬೈಯುವ ತನಕ ಫೋನ್ ಇಡಬೇಡ.

ನಿನ್ನಿಂದ ಸಾಕಾಗಿಹೋದ
ಅಕ್ಕ