ಒಂದೇ ಅಜ್ಜಿಯ ಮೊಮ್ಮಕ್ಕಳು

ಹೊಲಿಗೆ ಅಂಗಡಿ, ಕೋರ್ಟಿನ ಎದುರು ರಸ್ತೆ
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ಪುಟ್ಟೀ,

ನಿನ್ನ ಮಂಡಿನೋವು ಹೇಗಿದೆ? ಮಹಡಿ ಹತ್ತಿ ಇಳಿಯಬೇಡ ಎಂದರೆ ಕೇಳುವವಳಲ್ಲ ನೀನು. ನಿನ್ನ ಯಜಮಾನರ ಕೆಮ್ಮು ಇಳಿಯಿತೇ? ನಾನು ಚೆನ್ನಾಗಿದ್ದೇನೆ. ಹೊಸದಾಗಿ ಲಾಯರಾದವರ ಕೋಟುಗಳು ರಾಶಿ ಬಿದ್ದಿವೆ. ಕರಿ ಬಟ್ಟೆಗೆ ಕರಿ ದಾರ ಹಾಕಿ ಹಾಕಿ ಕಣ್ಣು ಮಂಜಾಗಿದೆ, ಅಷ್ಟೆ.

ನಿನ್ನ ಮಗ ಹೂಡಿರುವ ಕೇಸಿನ ಸುದ್ದಿ ನನಗೆ ತಲುಪಿದ್ದೂ ಒಂದು ಕೋಟಿನಿಂದಲೇ. ವಿಶ್ವವಿದ್ಯಾಲಯದ ಪರ ವಾದಿಸುವ ಲಾಯರಮ್ಮ ತೋಳಿನ ಅಳತೆ ಕೊಡುತ್ತಾ, ಅರ್ಜಿಯಲ್ಲಿದ್ದ ನಿನ್ನ ಮಗನ ಹೆಸರು ತೋರಿಸಿ, "ಈ ಹುಡುಗ ನಿಮಗೇನಾಗ್ಬೇಕು?" ಎಂದು ಕೇಳಿದರು. "ತಂಗಿ ಮಗ ಕಣ್ರೀ" ಎಂದೆ. ಅರ್ಜಿ ಓದಿ ಹೇಳಿದರು. ತನಗಿಂತ ಕಡಿಮೆ ಅಂಕ ಬಂದ ದೊಡ್ಡಮ್ಮನ ಮಗಳಿಗೆ ಅವಳ ಅಪ್ಪನ ಸಮುದಾಯದ ಲೆಕ್ಕದಲ್ಲಿ ಮೀಸಲು ಸೀಟು ಸಿಕ್ಕಿದೆ, ಇಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳಾಗಿರುವಾಗ ಅವಳಿಗೊಂದು ನ್ಯಾಯ ನನಗೊಂದು ನ್ಯಾಯವೇ ಎಂದು ಬರೆದಿದ್ದಾನೆ. ಕೈಯಲ್ಲಿದ್ದ ಟೇಪು ಜಾರಿತು ಕಣೇ.

ಅವನ ಮೇಲೆ ಕೋಪವಿಲ್ಲ. ಸುಳ್ಳು, ಇದೆ. ಆದರೆ ಅವನೂ ನಿದ್ದೆಗೆಟ್ಟು ಓದಿದವನು, ಸೀಟು ಕೈತಪ್ಪಿದ ಅವನ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವನಿಗೆ ಗೊತ್ತಿಲ್ಲ, ಜಾತಿ ಬಿಟ್ಟು ಇವರನ್ನು ಕಟ್ಟಿಕೊಂಡೆನೆಂದು ಅಮ್ಮ ಸಾಯುವ ತನಕ ನನ್ನನ್ನೂ ನನ್ನ ಮಗಳನ್ನೂ ಹೊಸ್ತಿಲು ದಾಟಲು ಬಿಡಲಿಲ್ಲ. ದೊಡ್ಡಮ್ಮನಿಗೆ ಅಂಗಡಿಯಿಂದ ಬಿಡುವಿಲ್ಲ ಎಂದು ನಾವಿಬ್ಬರೂ ಅವನಿಗೆ ಹೇಳುತ್ತಾ ಬಂದೆವು. ಅಜ್ಜಿ ಎಂದರೆ ಅವನಿಗೆ ಪ್ರಾಣ, ಅದನ್ನೇಕೆ ಕೆಡಿಸುವುದು ಎಂದು ನೀನೇ ಅಂದಿದ್ದೆ. ನನಗೂ ಹೌದೆನಿಸಿತ್ತು.

ಮಗಳು ಹಾಸ್ಟೆಲಿನಲ್ಲಿದ್ದಾಳೆ. ಯಾರಾದರೂ ಅಂಕ ಎಷ್ಟು ಎಂದು ಕೇಳಿದರೆ ಊಟ ಬಿಟ್ಟು ಎದ್ದು ಹೋಗುತ್ತಾಳಂತೆ. ವಿಶ್ವವಿದ್ಯಾಲಯ ಸೋತರೆ ಅವಳು ಪುಸ್ತಕ ಕಟ್ಟಿಕೊಂಡು ಮನೆಗೆ ಬರಬೇಕು. ಚಿಕ್ಕಮ್ಮನಿಗೆ ನನ್ನ ಮೇಲೆ ಬೇಜಾರಾ ಎಂದು ಫೋನಿನಲ್ಲಿ ಕೇಳಿದಳು. ಮೊದಲು ಊಟ ಮಾಡು ಎಂದೆ.

ಮಾತ್ರೆ ತಪ್ಪಿಸಬೇಡ. ಯಜಮಾನರಿಗೆ ನಮಸ್ಕಾರ ತಿಳಿಸು. ನಿನ್ನ ಮಗನಿಗೆ ದೊಡ್ಡಮ್ಮನ ಆಶೀರ್ವಾದ, ಈಗಲೂ.

ನಿನ್ನ
ಅಕ್ಕ

ತಾ.ಕ.: ಮರೆತಿದ್ದೆ ಎಂದು ಬರೆಯಲಾರೆ, ಇದನ್ನು ಹೇಳಲೆಂದೇ ಕೂತದ್ದು. ಮುಂದಿನ ವಾರ ಕೋರ್ಟಿನಲ್ಲಿ ವಿಶ್ವವಿದ್ಯಾಲಯದ ಪರ ಸಾಕ್ಷಿ ಹೇಳಲು ಒಪ್ಪಿಕೊಂಡಿದ್ದೇನೆ. ಅಮ್ಮ ಒಳಗೆ ಬಿಡದಿದ್ದಾಗ ನೀನು ಅವಳೊಡನೆ ಜಗಳವಾಡಿ, ನನ್ನ ಮಗಳನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂರಿಸಿಕೊಂಡು ವರ್ಷಗಟ್ಟಲೆ ಗಣಿತ ಹೇಳಿಕೊಟ್ಟೆಯಲ್ಲ, ಒಂದೇ ಅಜ್ಜಿಯಾದರೂ ಇಬ್ಬರಿಗೂ ಒಂದೇ ಬಾಗಿಲು ತೆರೆದಿರಲಿಲ್ಲ ಎನ್ನಲು ಅದನ್ನೇ ಹೇಳುತ್ತೇನೆ. ನೀನು ಮಾಡಿದ ಉಪಕಾರವನ್ನೇ ನಿನ್ನ ಮಗನ ವಿರುದ್ಧ ನಿಲ್ಲಿಸುತ್ತಿದ್ದೇನೆ, ಪುಟ್ಟೀ. ಅವನೂ ಅಲ್ಲಿ ಕೂತಿರುತ್ತಾನೆ. ಅಜ್ಜಿಯ ಬಗ್ಗೆ ಅವನು ಮೊದಲು ನನ್ನ ಬಾಯಿಂದ ಕೇಳುವುದು ಬೇಡ. ಇವತ್ತೇ ಪಕ್ಕದಲ್ಲಿ ಕೂರಿಸಿಕೊಂಡು ನೀನೇ ಹೇಳಿಬಿಡು.