ಸಾಗವಾನಿ ತೋಟದಲ್ಲಿ ಕೂರಿಸಿದ ಗೂಬೆ

ಮರ ಕಡಿಯಲು ಅನುಮತಿ ಕೊಡುವ, ಹೆಚ್ಚಾಗಿ ಕೊಡದಿರುವ ಮಾನ್ಯ ಅಧಿಕಾರಿಗಳೇ,

ಇಲ್ಲದ ತಪ್ಪನ್ನು ಒಬ್ಬರ ತಲೆಗೆ ಕಟ್ಟಿದರೆ ಗೂಬೆ ಕೂರಿಸಿದರು ಎನ್ನುತ್ತೇವೆ. ನೀವು ನನ್ನ ಮೇಲೆ ನಿಜವಾದ ಗೂಬೆಯನ್ನೇ ಕೂರಿಸಿದ್ದೀರಿ. ಕಮಲಾಪುರದ ನನ್ನ ಹೊಲದಲ್ಲಿ ನಾನೇ ನೆಟ್ಟು ಬೆಳೆಸಿದ ಸಾಗವಾನಿಯಲ್ಲಿ ಸೊರಗಿದ ಮರಗಳನ್ನಷ್ಟೇ ಕಡಿಯಲು ಅನುಮತಿ ಕೇಳಿದೆ. ಅಲ್ಲಿ ಗೂಬೆ ವಾಸವಿದೆ ಎಂದು ಅರ್ಜಿ ತಿರಸ್ಕರಿಸಿದಿರಿ.

ಗೂಬೆಯ ಸುದ್ದಿ ನಿಮಗೆ ಹೇಳಿದವನು ನಾನೇ. ಪರಿಶೀಲನೆಗೆ ಬಂದ ನಿಮ್ಮ ಸಿಬ್ಬಂದಿಗೆ ಚಹಾ ಕುಡಿಸಿ, ತೋಟದ ನಡುವೆ ಒಣಗಿ ನಿಂತ ಬೇವಿನ ಪೊಟರೆಯನ್ನು ಹೆಮ್ಮೆಯಿಂದ ತೋರಿಸಿದೆ. ಗೂಬೆ ಇಲಿ ಹಿಡಿಯುತ್ತದೆ, ಅದಕ್ಕೇ ಈ ಮರ ಉಳಿಸಿದ್ದೇನೆ ಎಂದೆ. ಅವರು ಭೇಷ್ ಎಂದು ಫೋಟೊ ತೆಗೆದುಕೊಂಡರು. ಆ ಫೋಟೊವೇ ನನಗೆ ಮುಳುವಾಯಿತು.

ಬೇವಿಗೆ ಕೊಡಲಿ ಹಾಕುತ್ತೇನೆಂದು ನಾನು ಎಲ್ಲಿ ಹೇಳಿದೆ? ಸಾಗವಾನಿ ಒತ್ತೊತ್ತಾಗಿ ಬೆಳೆದಿದೆ. ಸೊರಗಿದವನ್ನು ತೆಗೆದರೆ ಉಳಿದವು ದಪ್ಪವಾಗಿ ಬಾಗಿಲು, ಚೌಕಟ್ಟಿಗೆ ಬರುತ್ತವೆ. ನೆಲಕ್ಕೆ ಬಿಸಿಲು ಬಿದ್ದು ಹುಲ್ಲು ಚಿಗುರಿದರೆ ಮೊಲಕ್ಕೂ ಗೌಜಲಕ್ಕಿಗೂ ಆಸರೆ. ಹೀಗೇ ಬಿಟ್ಟರೆ ಮರವೂ ಇಲ್ಲ, ಮೊಲವೂ ಇಲ್ಲ. ಏನನ್ನೂ ಮುಟ್ಟದಿರುವುದೇ ಕಾಪಾಡುವುದು ಎಂದು ನಿಮಗೆ ಯಾರು ಹೇಳಿಕೊಟ್ಟರೋ ತಿಳಿಯದು.

ಕಲಬುರಗಿಯ ನಿಮ್ಮ ಕಚೇರಿಗೆ ಬಂದಾಗ ಗುಮಾಸ್ತರು ಕನಿಕರದಿಂದ ಕೇಳಿದರು: "ಗೂಬಿ ಅದ ಅಂತ ಯಾಕ ಹೇಳಾಕ ಹೋದ್ರಿ ಯಜಮಾನ್ರ? ಸುಮ್ನ ಇರಬೇಕಿತ್ತಲ್ರಿ." ಅಲ್ಲಿ ನನಗೆ ಸಿಕ್ಕ ಒಂದೇ ಒಂದು ಪ್ರಾಮಾಣಿಕ ಸಲಹೆ ಅದು.

ಪಕ್ಕದ ಹೊಲದ ಗುಂಡಣ್ಣ ಜಾಣ. ತನ್ನ ತೋಟದಲ್ಲಿ ಪೊಟರೆಯಿದ್ದ ಒಣಮರವನ್ನು ಮೊದಲು ಕೆಡವಿ, ಆಮೇಲೆ ಅರ್ಜಿ ಹಾಕಿದ. ಅನುಮತಿ ಸಲೀಸಾಗಿ ಸಿಕ್ಕಿತು. ಈಗ ಸಾಗವಾನಿ ಹಾಕಿದವರೆಲ್ಲ ಅವನ ಬಳಿ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ. ನೀವು ಕಾಪಾಡಬೇಕೆಂದಿರುವ ಹಕ್ಕಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕೇ?

ಮೊನ್ನೆ ನನ್ನ ಹೆಂಡತಿ ಶಂಕ್ರಮ್ಮನೂ ಬೇಸತ್ತು, "ಆ ಪೊಟರ್‍ಯಾಗ ನಾಕು ಕಲ್ಲು ತುಂಬಿ ಬರ್ರಿ, ಎಲ್ಲಾ ಸರಿ ಹೋಗ್ತದ" ಎಂದಳು. ಕಲ್ಲು ಹಿಡಿದುಕೊಂಡೇ ಹೋದೆ. ಒಳಗೆ ಮರಿಗಳಿದ್ದವು. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಆದ್ದರಿಂದ ಕೇಳುತ್ತಿದ್ದೇನೆ: ಮರಿಗಳು ಹಾರಿಹೋದ ಮೇಲೆ, ಮಳೆ ಹಿಡಿಯುವ ಮೊದಲು, ನೀವೇ ತೋಟಕ್ಕೆ ಬಂದು ಯಾವುದನ್ನು ಕಡಿಯಬೇಕು, ಯಾವುದನ್ನು ಉಳಿಸಬೇಕು ಎಂದು ಗುರುತು ಹಾಕಿಕೊಡಿ. ಅದಾಗದಿದ್ದರೆ, ಕಲ್ಲುಗಳು ಬೇವಿನ ಬುಡದಲ್ಲೇ ಇವೆ. ತುಂಬಲು ನಿಮ್ಮ ಸಿಬ್ಬಂದಿಯನ್ನು ಕಳಿಸಿ. ನನ್ನ ಕೈಯಿಂದ ಆಗುವುದಿಲ್ಲ.

ಇಂತಿ,
ಸುಮ್ಮನಿರುವುದನ್ನು ಈ ವಯಸ್ಸಿಗೂ ಕಲಿಯದ
ದೌಲಪ್ಪ, ಕಮಲಾಪುರ